ಕರಾಚಿಯಿಂದ ಭಟ್ಕಳಕ್ಕೆ ಮೂರು ವರ್ಷದ ದಾರಿ

2025ರ ಫೆಬ್ರವರಿಯ ಒಂದು ಸಂಜೆ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದ. ಚಹಾ ಕುಡಿದು ಮುಗಿಸುವವರೆಗೂ ಅಂಗಡಿಯ ಮಾತು, ಸೆಕೆಯ ಮಾತು ಆಡುತ್ತಾ ಕೂತಿದ್ದ. ಎದ್ದು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ, "ಚಾಚಾ, ನಿಮ್ಮ ಆ ಫೈಲು ಒಮ್ಮೆ ಕೊಡ್ತೀರಾ? ನೋಡಿ ವಾಪಸ್ ತಂದುಕೊಡ್ತೇನೆ" ಎಂದ. ಹಿಂದಿನ ಡಿಸೆಂಬರ್‌ನಲ್ಲಿ ಅವನ ನಿಕಾಹ್ ದುಬೈಯಲ್ಲಿ ನಡೆದಿತ್ತು. ಹುಡುಗಿ ಕರಾಚಿಯವಳು.

ಯಾವ ಫೈಲು ಎಂದು ನಾವು ಕೇಳಲಿಲ್ಲ. ಭಟ್ಕಳದ ನಮ್ಮ ಮನೆಯ ಕಪಾಟಿನ ಮೇಲಿನ ಅರೆಯಲ್ಲಿ, ಮದುವೆಯ ಬಟ್ಟೆಯ ಪೆಟ್ಟಿಗೆಯ ಪಕ್ಕದಲ್ಲಿ ಅದು ಇದೆ. ಹಳೆಯ ರಟ್ಟಿನ ಫೈಲು, ಲಾಡಿ ಎರಡು ಬಾರಿ ಬದಲಾಗಿದೆ. 2001ರಿಂದ 2017ರವರೆಗಿನ ನಮ್ಮ ಸಂಸಾರ ಪೂರ್ತಿ ಅದರೊಳಗಿದೆ. ಮದುವೆಯ ಆಲ್ಬಮ್ ನೋಡಲು ಕೇಳಿದವರು ಕಡಿಮೆ. ಈ ಫೈಲನ್ನು ಕೇಳಿಕೊಂಡು ಬಂದವರು ಈ ಹುಡುಗನೂ ಸೇರಿ ಐವರು.

ಇದನ್ನು ಬರೆಯುತ್ತಿರುವವರು ನಾವಿಬ್ಬರೂ. ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು, ಮತ್ತೆ ಮೊದಲಿನವರು ತಿದ್ದುವುದು. ನಮ್ಮಲ್ಲಿ ಹೆಂಡತಿ ಕನ್ನಡ ಅಕ್ಷರ ಕಲಿತದ್ದು ಭಟ್ಕಳಕ್ಕೆ ಬಂದ ಮೇಲೆ, ಮಗಳ ಒಂದನೇ ತರಗತಿಯ ಪುಸ್ತಕದಲ್ಲಿ. ಅರ್ಜಿ ನಮೂನೆಗಳಲ್ಲಿ ಯಾವಾಗಲೂ 'ನಾನು' ಎಂದೇ ಬರೆಯಬೇಕು. ನಾನು ಇಂಥವರ ಮಗಳು, ನಾನು ಇಂಥಲ್ಲಿ ಹುಟ್ಟಿದೆ, ನಾನು ಕಾನೂನಿಗೆ ವಿರುದ್ಧವಾಗಿ ನಡೆಯುವುದಿಲ್ಲ. ಹದಿನಾರು ವರ್ಷ ಹಾಗೆ ಬರೆದು ಸಾಕಾಗಿದೆ. ಇಲ್ಲಾದರೂ 'ನಾವು' ಎಂದು ಬರೆಯೋಣ ಎಂದುಕೊಂಡೆವು.

"ಊರಲ್ಲಿ ಹುಡುಗಿ ಸಿಗಲಿಲ್ಲವೇ?" ಎಂಬ ಪ್ರಶ್ನೆಯನ್ನು ನಾವು ಎಷ್ಟು ಜನರಿಂದ ಕೇಳಿದ್ದೇವೋ ಲೆಕ್ಕವಿಲ್ಲ. ಕೆಲವರು ತಮಾಷೆಗೆ, ಕೆಲವರು ಅನುಮಾನದಿಂದ, ಕಚೇರಿಗಳಲ್ಲಿ ಕೆಲವರು ಬರೆದುಕೊಳ್ಳಲು ಪೆನ್ನು ಹಿಡಿದೇ ಕೇಳಿದರು. ಉತ್ತರ ಹೇಳಬೇಕಾದರೆ ಅಜ್ಜಂದಿರ ಕಾಲಕ್ಕೆ ಹೋಗಬೇಕು. ನಮ್ಮ ನವಾಯತರು ವ್ಯಾಪಾರಕ್ಕೆ ಊರು ಬಿಡುವ ಜನ. ಮುಂಬೈ, ಮದ್ರಾಸು, ಕಲ್ಕತ್ತಾ ಎಂದು ಹೋದಂತೆ ಕರಾಚಿಗೂ ಹೋದರು. ಸಿಂಧ್ 1936ರವರೆಗೆ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. ಭಟ್ಕಳವೂ ಅದೇ ಪ್ರಾಂತ್ಯದಲ್ಲಿತ್ತು. ಆಗ ಕರಾಚಿಗೆ ಹೋಗುವವನು ಪರದೇಶಕ್ಕೆ ಹೋಗುತ್ತೇನೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. 1947ರಲ್ಲಿ ಅಂಗಡಿ ಇಟ್ಟುಕೊಂಡಿದ್ದವರು ಅಲ್ಲೇ ಉಳಿದರು, ಊರಿನಲ್ಲಿದ್ದವರು ಇಲ್ಲೇ ಉಳಿದರು. ನಮ್ಮಿಬ್ಬರ ಅಜ್ಜಿಯರು ಅಕ್ಕತಂಗಿಯರು. ಒಬ್ಬರು ಗಂಡನ ಅಂಗಡಿಯ ಹಿಂದೆ ಹೋದರು, ಇನ್ನೊಬ್ಬರು ಮನೆಯ ತೆಂಗಿನತೋಟದ ಜತೆ ಉಳಿದರು. ಮಾತು ಒಂದೇ, ಅಡುಗೆ ಒಂದೇ. ಮೊಮ್ಮಕ್ಕಳ ನಡುವೆ ಸಂಬಂಧ ಬೆಳೆಸಬೇಕೆಂದು ಇಬ್ಬರಿಗೂ ಆಸೆ. ಅವರಿಬ್ಬರೂ ವೀಸಾ ಅರ್ಜಿ ಎಂಬುದನ್ನು ತುಂಬಿದವರಲ್ಲ.

ನಿಕಾಹ್ 2001ರ ಜನವರಿಯಲ್ಲಿ ಕರಾಚಿಯಲ್ಲಿ ಆಯಿತು. ಗಂಡ ಒಂದು ತಿಂಗಳ ವೀಸಾದಲ್ಲಿ ಹೋಗಿದ್ದ. ಮುಂಬೈಯಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ, ಭಟ್ಕಳದಿಂದ ಮುಂಬೈಗೆ ರೈಲಿನಲ್ಲಿ ಒಂದು ರಾತ್ರಿ. ಇಷ್ಟು ಹತ್ತಿರದ ಊರಿನಿಂದ ಹೆಂಡತಿಯನ್ನು ಕರೆತರಲು ಮೂರೋ ನಾಲ್ಕೋ ತಿಂಗಳು ಸಾಕು ಎಂದು ಲೆಕ್ಕ ಹಾಕಿದ್ದೆವು. ಭಟ್ಕಳದಲ್ಲಿ ವಲೀಮಾಕ್ಕೆ ಮೇ ತಿಂಗಳಲ್ಲಿ ದಿನ ನೋಡಿದ್ದರು.

ಮೊದಲು ಅವಳ ಗುರುತಿನ ಚೀಟಿ ಬದಲಾಗಬೇಕಿತ್ತು. ತಂದೆಯ ಹೆಸರಿದ್ದ ಜಾಗದಲ್ಲಿ ಗಂಡನ ಹೆಸರು, ಆಮೇಲೆ ಅದರಂತೆ ಪಾಸ್‌ಪೋರ್ಟು. ಉರ್ದುವಿನಲ್ಲಿದ್ದ ನಿಕಾಹ್‌ನಾಮಾಕ್ಕೆ ಇಂಗ್ಲಿಷ್ ಅನುವಾದ, ಅನುವಾದಕ್ಕೆ ನೋಟರಿ, ನೋಟರಿಯ ಮೇಲೆ ಇನ್ನೊಂದು ಮೊಹರು. ಮೇ ತಿಂಗಳು ಹಾಗೆಯೇ ಕಳೆಯಿತು. ಕರಾಚಿಯಲ್ಲಿದ್ದ ಭಾರತದ ದೂತಾವಾಸ 1994ರಲ್ಲೇ ಮುಚ್ಚಿತ್ತು. ಹಾಗಾಗಿ ಅರ್ಜಿ ಇಸ್ಲಾಮಾಬಾದಿಗೇ ಹೋಗಬೇಕು. ಆ ಊರು ಕರಾಚಿಯಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಭಟ್ಕಳಕ್ಕೆ ಇನ್ನೂ ದೂರ. ನಮ್ಮ ಊರಿಗೆ ಬರಲು ಆಕೆಯ ಕಾಗದಗಳು ಮೊದಲು ವಿರುದ್ಧ ದಿಕ್ಕಿಗೆ ಹೊರಟವು.

ಇತ್ತ ಗಂಡನ ಕಡೆಯಿಂದ ಒಂದು ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟು ಹೋಗಬೇಕಿತ್ತು. ಇಂಥವಳು ನನ್ನ ಹೆಂಡತಿ, ನನ್ನ ಮನೆಯಲ್ಲಿ ಇರುತ್ತಾಳೆ, ಅವಳ ನಡತೆಗೂ ಖರ್ಚಿಗೂ ನಾನು ಹೊಣೆ ಎಂಬ ಒಂದು ಪುಟದ ಮಾತು. ಅದಕ್ಕೆ ಸರಕಾರಿ ಅಧಿಕಾರಿಯೊಬ್ಬರು ಸಹಿ ಹಾಕಿ ಮೊಹರು ಒತ್ತಬೇಕು. ಜತೆಗೆ ಪಡಿತರ ಚೀಟಿ, ಕರೆಂಟ್ ಬಿಲ್ಲು, ಮನೆ ತೆರಿಗೆ ರಶೀದಿಗಳ ಜೆರಾಕ್ಸು. ಸಹಿ ಮಾಡುವ ಅಧಿಕಾರಿಗೆ ನಮ್ಮ ಪರಿಚಯವಿರಬೇಕು. ಬಟ್ಟೆ ಅಂಗಡಿಯವನಿಗೆ ಎಷ್ಟು ಅಧಿಕಾರಿಗಳ ಪರಿಚಯವಿರುತ್ತದೆ? ಆ ಪೈಕಿ ಎಷ್ಟು ಜನ ಪಾಕಿಸ್ತಾನ ಎಂಬ ಪದ ಇರುವ ಕಾಗದಕ್ಕೆ ಸಹಿ ಹಾಕುತ್ತಾರೆ? ಮೂವರು ನಯವಾಗಿಯೇ ಇಲ್ಲ ಎಂದರು. ನಾಲ್ಕನೆಯವರು ನಿವೃತ್ತಿಗೆ ಆರು ತಿಂಗಳಿದ್ದ ಹಿರಿಯರು. ಕಾಗದವನ್ನು ಎರಡು ಬಾರಿ ಓದಿ, "ಮದುವೆ ಮಾಡಿಕೊಂಡಿದ್ದೀಯಪ್ಪ, ಕಳ್ಳತನ ಮಾಡಿಲ್ಲವಲ್ಲ" ಎಂದು ಸಹಿ ಹಾಕಿದರು. ಆ ಮಾತನ್ನು ನಾವು ಇಂದಿಗೂ ಮರೆತಿಲ್ಲ. ಆದರೆ ಅವರ ಮೊಹರಿನ ಶಾಯಿ ಒಣಗಿತ್ತು. ಮೊಹರು ಮಸುಕಾಗಿದೆ ಎಂದು ಆಗಸ್ಟ್‌ನಲ್ಲಿ ಅರ್ಜಿ ವಾಪಸು ಬಂತು.

ಎರಡನೇ ಅರ್ಜಿ ನವೆಂಬರ್‌ನಲ್ಲಿ ಹೋಯಿತು. ಡಿಸೆಂಬರ್ 13ರಂದು ದೆಹಲಿಯಲ್ಲಿ ಸಂಸತ್ತಿನ ಮೇಲೆ ದಾಳಿ ನಡೆಯಿತು. 2002ರ ಜನವರಿ 1ರಿಂದ ರೈಲು, ಬಸ್ಸು, ವಿಮಾನ ಮೂರೂ ನಿಂತವು. ರಾಯಭಾರಿ ಕಚೇರಿಗಳ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸಿದರು. ಗಡಿಯಲ್ಲಿ ಎರಡೂ ಕಡೆ ಸೇನೆ ಬಂದು ನಿಂತಿತು. ನಾವು ಆ ದಿನಗಳಲ್ಲಿ ಪತ್ರಿಕೆ ಓದುತ್ತಿದ್ದ ರೀತಿಯೇ ಬೇರೆ. ಎಲ್ಲರೂ ಯುದ್ಧವಾಗುತ್ತದೆಯೇ ಎಂದು ನೋಡುತ್ತಿದ್ದರೆ ನಾವು ಒಳಪುಟದಲ್ಲಿ ವೀಸಾ ವಿಭಾಗದ ಸುದ್ದಿ ಹುಡುಕುತ್ತಿದ್ದೆವು. ಸತ್ತವರ ಮನೆಗಳಲ್ಲಿ ಸೂತಕವಿರುವಾಗ ನಮ್ಮ ಮದುವೆಯ ಚಿಂತೆ ನಮಗೆ ಎಂದು ನಾಚಿಕೆಯೂ ಆಗುತ್ತಿತ್ತು. ಊರಿನ ಐಎಸ್‌ಡಿ ಬೂತಿನಲ್ಲಿ ಮೀಟರಿನ ಅಂಕಿ ನೋಡುತ್ತಾ ಮಾತಾಡುತ್ತಿದ್ದೆವು. ಬೂತಿನ ಹುಡುಗನಿಗೆ ಎಲ್ಲವೂ ಕೇಳಿಸುತ್ತಿತ್ತು. ಹಾಗಾಗಿ ಹೊಸ ದಂಪತಿಗಳು ಆಡಬೇಕಾದ ಮಾತು ಬಿಟ್ಟು ಆರೋಗ್ಯ, ಹವಾಮಾನ, ಮೊಹರು ಇಷ್ಟನ್ನೇ ಆಡಿದೆವು.

2002ರ ನವೆಂಬರ್‌ನಲ್ಲಿ ದುಬೈಯಲ್ಲಿದ್ದ ಅಣ್ಣ ಇಬ್ಬರಿಗೂ ವಿಸಿಟ್ ವೀಸಾ ಮಾಡಿಸಿದರು. ಒಂದೇ ವಾರದಲ್ಲಿ ಎರಡೂ ಬಂದವು. ನಮ್ಮಿಬ್ಬರಲ್ಲಿ ಯಾರ ದೇಶವೂ ಅಲ್ಲದ ಊರಿನಲ್ಲಿ, ಅಣ್ಣನ ಮನೆಯ ಒಂದು ಕೋಣೆಯಲ್ಲಿ, ಮದುವೆಯಾಗಿ ಇಪ್ಪತ್ತೆರಡು ತಿಂಗಳ ಮೇಲೆ ಒಂದು ತಿಂಗಳು ಒಟ್ಟಿಗಿದ್ದೆವು. ಅತ್ತಿಗೆ ನಮಗಾಗಿ ತಮ್ಮ ಮಕ್ಕಳನ್ನು ಹಜಾರದಲ್ಲಿ ಮಲಗಿಸಿದ್ದರು. ಆ ಋಣ ದೊಡ್ಡದು. ವಾಪಸು ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಒಂದೇ ಟ್ಯಾಕ್ಸಿಯಿಂದ ಇಳಿದು ಬೇರೆ ಬೇರೆ ಸಾಲಿಗೆ ಹೋದೆವು.

ವಿಮಾನ ಸಂಚಾರ ಮತ್ತೆ ಶುರುವಾದದ್ದು 2004ರ ಜನವರಿ 1ರಂದು. ಮೂರನೇ ಅರ್ಜಿಗೆ ಆ ತಿಂಗಳ ಕೊನೆಯಲ್ಲಿ ವೀಸಾ ಸಿಕ್ಕಿತು. ಮೂರು ತಿಂಗಳ ವೀಸಾ. ಅದರ ಮೇಲೆ ಮುಂಬೈ, ಭಟ್ಕಳ ಎಂದು ಎರಡೇ ಊರಿನ ಹೆಸರು. ಓದುಗರಲ್ಲಿ ಹಲವರಿಗೆ ಇದು ತಿಳಿದಿರಲಿಕ್ಕಿಲ್ಲ. ಪಾಕಿಸ್ತಾನದ ಸಾಮಾನ್ಯ ಪ್ರಜೆಗೆ ಸಿಗುವ ವೀಸಾ ಭಾರತಕ್ಕಲ್ಲ, ಭಾರತದ ಕೆಲವು ಊರುಗಳಿಗೆ. ಅಲ್ಲಿಗೆ ಹೋಗುವ ಭಾರತೀಯರಿಗೂ ಹಾಗೆಯೇ. ಆಗ ಮೂರು ಊರಿನ ಮಿತಿಯಿತ್ತು. 2012ರ ಸೆಪ್ಟೆಂಬರ್ ಒಪ್ಪಂದದಲ್ಲಿ ಅದನ್ನು ಐದು ಮಾಡಿದರು. ಆ ಒಪ್ಪಂದದಲ್ಲೇ ಗಡಿಯಾಚೆ ಮದುವೆಯಾದ ಗಂಡ ಹೆಂಡಿರಿಗೆ ಎರಡು ವರ್ಷದವರೆಗಿನ, ಹಲವು ಬಾರಿ ಬಂದು ಹೋಗುವ ವೀಸಾ ಎಂಬ ಮಾತೂ ಬಂತು. ನಮ್ಮ ಕಾಲಕ್ಕೆ ಅದಿರಲಿಲ್ಲ.

ಮಾರ್ಚ್‌ನ ಒಂದು ಬೆಳಿಗ್ಗೆ ಮತ್ಸ್ಯಗಂಧ ರೈಲು ಭಟ್ಕಳದಲ್ಲಿ ನಿಂತಾಗ ನಿಲ್ದಾಣದಲ್ಲಿ ಮನೆಯವರೆಲ್ಲ ಮಲ್ಲಿಗೆ ಹಿಡಿದು ಕಾದಿದ್ದರು. ಊರು ತಲುಪಿದ 24 ಗಂಟೆಗಳೊಳಗೆ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು. ನಮ್ಮ ಗಡಿಯಾರ ನಿಲ್ದಾಣದಲ್ಲೇ ಶುರುವಾಗಿತ್ತು. ಹೊಸ ಸೊಸೆ ಮನೆ ಸೇರಿ, ಮುಖ ತೊಳೆದು, ಅತ್ತೆಯ ಕೈಯಿಂದ ಒಂದು ಲೋಟ ಹಾಲು ಕುಡಿದು, ಮಲ್ಲಿಗೆ ಮುಡಿದುಕೊಂಡೇ ಠಾಣೆಗೆ ಹೊರಟಳು. ಅಲ್ಲಿಂದ ಕಾರವಾರಕ್ಕೆ. ವಿದೇಶಿಯರ ನೋಂದಣಿಯ ಅಧಿಕಾರ ಜಿಲ್ಲೆಯ ಎಸ್ಪಿಯವರದು. ಹೋಗುವಾಗ ಸುಮಾರು 130 ಕಿಲೋಮೀಟರ್, ಬರುವಾಗ ಅಷ್ಟೇ. ಶರಾವತಿ, ಅಘನಾಶಿನಿ, ಗಂಗಾವಳಿ ಎಂದು ಒಂದೊಂದೇ ಸೇತುವೆ ದಾಟುವಾಗ ಗಂಡ ಹೆಸರು ಹೇಳುತ್ತಿದ್ದ. ನಮ್ಮ ಮಧುಚಂದ್ರ ಎಂದರೆ ಅದೇ ಎಂದು ಈಗಲೂ ಮಕ್ಕಳಿಗೆ ಹೇಳುತ್ತೇವೆ.

ಮೂರು ತಿಂಗಳ ವೀಸಾದ ಮೇಲೆ ಬಂದವಳು ಉಳಿಯಬೇಕಾದರೆ ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕಬೇಕು. ಭಾರತೀಯನನ್ನು ಮದುವೆಯಾಗಿ ಇಲ್ಲೇ ಇರುವ ಪಾಕಿಸ್ತಾನಿ ಮಹಿಳೆಗೆ ಅದನ್ನು ಕೊಡುವ ಕ್ರಮವಿದೆ. ಅರ್ಜಿ ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಯ ಗೃಹ ಇಲಾಖೆಗೆ ಹೋಗುತ್ತದೆ. ವಿಚಾರಣೆಗೆ ಬಂದವರು ನೆರೆಮನೆಯವರನ್ನು, ಅಂಗಡಿ ಸಾಲಿನವರನ್ನು ಕೇಳುತ್ತಾರೆ. ಇದು ತಪ್ಪು ಎಂದು ನಾವು ಹೇಳುವುದಿಲ್ಲ. ಗಡಿ ಇರುವ ದೇಶ ಯಾರು ಬಂದರು ಎಂದು ಕೇಳಲೇಬೇಕು. ಕಷ್ಟವಿದ್ದದ್ದು ಕೇಳಿದ್ದರಲ್ಲಲ್ಲ, ಒಮ್ಮೆ ಕೇಳಿ ಬರೆದುಕೊಂಡ ಉತ್ತರ ಕಳೆದುಹೋಗಿ ಮತ್ತೆ ಮೊದಲಿಂದ ಕೇಳುತ್ತಿದ್ದರಲ್ಲಿ. ನಮ್ಮ ಕಡತ ಒಮ್ಮೆ ಹದಿನಾಲ್ಕು ತಿಂಗಳು ಕಾಣೆಯಾಗಿತ್ತು. ಯಾವ ಕಚೇರಿಯಲ್ಲಿ ಎಂಬುದು ಬೇಡ. ಕೊನೆಗೆ ಅದು ಸಿಕ್ಕಿದ್ದು ಕಿಟಕಿ ಬಡಿದುಕೊಳ್ಳದಂತೆ ಒತ್ತಿಟ್ಟ ಕಡತಗಳ ಕಟ್ಟಿನಲ್ಲಿ. ಹುಡುಕಿಕೊಟ್ಟ ಜವಾನನಿಗೆ ನಮಗಿಂತ ಹೆಚ್ಚು ಸಂತೋಷವಾಗಿತ್ತು.

ವೀಸಾದಲ್ಲಿ ಭಟ್ಕಳ ಎಂದಿದ್ದರೆ ಭಟ್ಕಳದಲ್ಲೇ ಇರಬೇಕು. ಮಂಕಿಯಲ್ಲಿ ನಾದಿನಿಯ ಮದುವೆ. ಅದು ಹೊನ್ನಾವರ ತಾಲೂಕು, ಅನುಮತಿ ಬೇಕು. ಅರ್ಜಿ ಕೊಟ್ಟೆವು. ಮದುವೆ ಮುಗಿದು ನಾಲ್ಕು ದಿನಕ್ಕೆ ಅನುಮತಿ ಬಂತು. ಇದನ್ನೆಲ್ಲ ನಗುತ್ತಲೇ ಸಹಿಸಿದೆವು. ನಗಲಾಗದ ರಾತ್ರಿ 2005ರ ಜೂನ್‌ನಲ್ಲಿ ಬಂತು.

ಹೆರಿಗೆಗೆ ಇನ್ನೂ ಮೂರು ವಾರವಿತ್ತು. ಸುರಿಯುವ ಮಳೆ, ಕರೆಂಟಿಲ್ಲ. ರಾತ್ರಿ ಹನ್ನೊಂದಕ್ಕೆ ರಕ್ತಸ್ರಾವ ಶುರುವಾಯಿತು. ಊರಿನ ಡಾಕ್ಟರಮ್ಮ ನೋಡಿ, ಇಲ್ಲಿ ಆಗುವುದಿಲ್ಲ, ಕೂಡಲೇ ಮಣಿಪಾಲಕ್ಕೆ ಹೊರಡಿ ಎಂದರು. ಮಣಿಪಾಲ ಇರುವುದು ಉಡುಪಿ ಜಿಲ್ಲೆಯಲ್ಲಿ, ಸುಮಾರು 90 ಕಿಲೋಮೀಟರ್ ದೂರ. ಅನುಮತಿಯಿಲ್ಲದೆ ಊರು ಬಿಟ್ಟರೆ ವೀಸಾ ರದ್ದಾಗಬಹುದು, ಮೊಕದ್ದಮೆಯೂ ಆಗಬಹುದು. ನಮ್ಮ ಮನೆಯಲ್ಲಿ ಆ ಹೊತ್ತಿನಲ್ಲಿ ಒಂದು ಚರ್ಚೆ ನಡೆಯಿತು ಎಂದರೆ ನೀವು ನಂಬಬೇಕು. ಹೆಂಡತಿ ಹಾಸಿಗೆಯಲ್ಲಿ ಬಿಳಿಚಿಕೊಂಡು ಮಲಗಿದ್ದಾಳೆ, ಗಂಡ ಬಾಗಿಲಲ್ಲಿ ನಿಂತು ಅರ್ಜಿ ಬರೆಯಲು ಕಾಗದ ಹುಡುಕುತ್ತಿದ್ದಾನೆ. ಅಷ್ಟು ಹೆದರಿಕೆ ನಮ್ಮೊಳಗೆ ಹೊಕ್ಕಿತ್ತು. ಅಮ್ಮ ಕೂಗಿದರು: "ಕಾಗದ ಬದುಕಬೇಕೋ, ಹುಡುಗಿ ಬದುಕಬೇಕೋ?"

ಠಾಣೆಗೆ ಫೋನ್ ಮಾಡಿದೆವು. ರಾತ್ರಿ ಪಾಳಿಯಲ್ಲಿದ್ದ ಹೆಡ್‌ಕಾನ್‌ಸ್ಟೆಬಲ್ ಪೂರ್ತಿ ಕೇಳಲೂ ಇಲ್ಲ. "ಮೊದಲು ಹೊರಡಿ ಮಾರಾಯ್ರೆ. ನಾನು ಡೈರಿಯಲ್ಲಿ ಬರೆದುಕೊಳ್ತೇನೆ. ನಮ್ಮನೆಯಲ್ಲೂ ಹೆಂಗಸರಿದ್ದಾರೆ" ಎಂದರು. ಮಗಳು ಬೆಳಗಿನ ಜಾವ ಹುಟ್ಟಿದಳು. ಮೂರನೆಯ ದಿನ ಗಂಡ ವೈದ್ಯರ ಚೀಟಿ ಹಿಡಿದು ಠಾಣೆಗೆ ಹೋದಾಗ ಡೈರಿಯಲ್ಲಿ ಗಂಟೆ, ನಿಮಿಷ ಸಹಿತ ಬರೆದಿತ್ತು. ಆ ಬರಹ ನಮ್ಮನ್ನು ಉಳಿಸಿತು. ಅವರಿಗೆ ಸಿಹಿ ಕೊಡಲು ಹೋದರೆ ಒಂದೇ ತುಂಡು ತಿಂದು ಉಳಿದದ್ದನ್ನು ವಾಪಸು ಕೊಟ್ಟರು.

ಮಗಳ ಜನನ ಪ್ರಮಾಣಪತ್ರ ಮಾಡಿಸುವಾಗ ಇನ್ನೊಂದು ಸಂಗತಿ ತಿಳಿಯಿತು. 2004ರ ಡಿಸೆಂಬರ್ 3ರಿಂದ ಪೌರತ್ವದ ಕಾನೂನು ಬದಲಾಗಿತ್ತು. ಆ ದಿನ ಅಥವಾ ಆಮೇಲೆ ಇಲ್ಲಿ ಹುಟ್ಟಿದ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮವಾಗಿ ನೆಲೆಸಿದವರಾಗಿರದಿದ್ದರೆ ಮಾತ್ರ ಮಗು ಹುಟ್ಟಿನಿಂದ ಭಾರತೀಯ. ಕಡತ ಕಾಣೆಯಾಗಿದ್ದ ಆ ತಿಂಗಳುಗಳಲ್ಲಿ ನಮ್ಮ ಕೈಯಲ್ಲಿದ್ದದ್ದು ಅರ್ಜಿ ಬಾಕಿ ಇದೆ ಎಂಬ ಒಂದು ಚೀಟಿ, ಅದರ ಮೇಲೆ ವಾಸದ ಅವಧಿ ವಿಸ್ತರಿಸಿದ ಒಂದು ಮೊಹರು. ಮಗಳ ದೇಶ ಆ ಮೊಹರಿನ ಮೇಲೆ ನಿಂತಿತ್ತು. ಈ ಬಾರಿ ಶಾಯಿ ಚೆನ್ನಾಗಿತ್ತು.

ವರ್ಷ ವರ್ಷ ವಿಸ್ತರಣೆ ನಡೆಯಿತು. 2008ರಲ್ಲಿ, ಮರಳಿ ಬರಲು ಆಕ್ಷೇಪವಿಲ್ಲ ಎಂಬ ಪತ್ರ ಮೊದಲೇ ಮಾಡಿಸಿಕೊಂಡು, ಹೆಂಡತಿ ಒಮ್ಮೆ ತವರಿಗೆ ಹೋಗಿ ಬಂದಳು. ಅವಳು ವಾಪಸು ಬಂದ ತಿಂಗಳಲ್ಲೇ ಮುಂಬೈಯಲ್ಲಿ ದಾಳಿ ನಡೆಯಿತು. ಮತ್ತೆ ಹೋಗುವ ಮಾತನ್ನು ನಾವಾಗಿಯೇ ಎತ್ತಲಿಲ್ಲ.

ಭಾರತೀಯನನ್ನು ಮದುವೆಯಾದವರು ಏಳು ವರ್ಷ ಇಲ್ಲಿ ನೆಲೆಸಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ನಾವು 2012ರಲ್ಲಿ ಹಾಕಿದೆವು. 2016ರಲ್ಲಿ ಪತ್ರ ಬಂತು. ಅರ್ಜಿ ಒಪ್ಪಿದ್ದೇವೆ, ಮೊದಲು ಪಾಕಿಸ್ತಾನದ ಪೌರತ್ವ ಬಿಟ್ಟ ಪ್ರಮಾಣಪತ್ರ ತನ್ನಿ ಎಂದು. ದೆಹಲಿಗೆ ಹೋಗಿ ಅವಳ ದೇಶದ ಹೈಕಮಿಷನ್‌ನಲ್ಲಿ ಹಸಿರು ಪಾಸ್‌ಪೋರ್ಟು ಕೊಟ್ಟು ಬಂದೆವು. ಪ್ರಮಾಣಪತ್ರ ಸಿಕ್ಕಿತು, ಅದನ್ನು ಇಲ್ಲಿ ಸಲ್ಲಿಸಿದೆವು. ಇಲ್ಲಿಯ ಪ್ರಮಾಣಪತ್ರಕ್ಕೆ ಕಾಯಬೇಕಿತ್ತು. ಏಳು ತಿಂಗಳು ಕಾದೆವು. ಆ ಏಳು ತಿಂಗಳು ಅವಳು ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಮೀನು ತೊಳೆಯುತ್ತಾ, ಮಗಳ ಹೋಂವರ್ಕ್ ನೋಡುತ್ತಾ, ಭಟ್ಕಳದ ಅಡುಗೆಮನೆಯಲ್ಲಿ ಎಂದಿನಂತೆಯೇ ಇದ್ದಳು.

ಐದನೆಯ ತಿಂಗಳಲ್ಲಿ ಕರಾಚಿಯಿಂದ ಫೋನು ಬಂತು. ಅವಳ ತಂದೆ ಆಸ್ಪತ್ರೆಯಲ್ಲಿದ್ದರು. ಮಾವನವರಿಗೆ ಎಪ್ಪತ್ತನಾಲ್ಕು. ಅಲ್ಲಿಗೆ ಹೋಗಲು ಪಾಸ್‌ಪೋರ್ಟು ಬೇಕು. ಒಂದು ದೇಶದ್ದು ವಾಪಸು ಕೊಟ್ಟಾಗಿದೆ, ಇನ್ನೊಂದು ದೇಶದ್ದು ಕೈಗೆ ಬಂದಿಲ್ಲ. ನಾವು ಯಾರನ್ನು ಕೇಳುವುದು? ಕೇಳಿದ ಎಲ್ಲ ಕಡೆಯೂ ಉತ್ತರ ಒಂದೇ, ಅದೂ ಸರಿಯಾದ ಉತ್ತರವೇ: ಪ್ರಮಾಣಪತ್ರ ಬಂದ ಮೇಲೆ ಬನ್ನಿ. ಹನ್ನೊಂದು ದಿನ ಮಾವ ಬದುಕಿದ್ದರು. ಕೊನೆಯ ದಿನ ಅವಳ ತಮ್ಮ ಫೋನನ್ನು ಅವರ ಕಿವಿಯ ಬಳಿ ಹಿಡಿದ. ಅವಳು ನಮ್ಮ ನವಾಯತಿಯಲ್ಲಿ ಮಾತಾಡಿದಳು. ಅವರಿಗೆ ಕೇಳಿಸಿತೋ ಇಲ್ಲವೋ ತಮ್ಮನೂ ಹೇಳಲಾರ. ಈ ಭಾಗವನ್ನು ಬರೆದದ್ದು ಗಂಡ. ಹೆಂಡತಿ ಓದಿ, ಒಂದೇ ಒಂದು ತಿದ್ದುಪಡಿ ಮಾಡಿದಳು. ಹತ್ತು ದಿನ ಎಂದಿದ್ದುದನ್ನು ಹನ್ನೊಂದು ಎಂದು.

2017ರಲ್ಲಿ ಅವಳು ಪ್ರತಿಜ್ಞೆ ಓದಿ ಭಾರತೀಯಳಾದಳು. ಮರುವರ್ಷ ತಾಯಿಯನ್ನು ನೋಡಲು ಪಾಕಿಸ್ತಾನದ ವೀಸಾಕ್ಕೆ ಅರ್ಜಿ ಹಾಕಿದಳು. ಜೋಧಪುರದಿಂದ ಥಾರ್ ಎಕ್ಸ್‌ಪ್ರೆಸ್ ಆಗ ಓಡುತ್ತಿತ್ತು, 2019ರ ಆಗಸ್ಟ್‌ನಲ್ಲಿ ಅದು ನಿಂತಿತು. ಮಗಳನ್ನು ಕಟ್ಟಿಕೊಂಡು ಮರಳುಗಾಡಿನ ದಾರಿಯಲ್ಲಿ ಹೋದಳು. ಕರಾಚಿ ತಲುಪಿದ ಮರುದಿನ ತಮ್ಮ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದದ್ದು ಪೊಲೀಸರ ಬಳಿಗೆ. ಹುಟ್ಟಿ ಬೆಳೆದ ಊರಿನಲ್ಲಿ ವಿದೇಶಿ ಎಂದು ಹೆಸರು ಬರೆಸಲು. ಅಲ್ಲಿಯ ಅಧಿಕಾರಿ ವಿಳಾಸ ನೋಡಿ, "ಭಟ್ಕಳ ಎಲ್ಲಿದೆ ಬೀಬಿ?" ಎಂದು ಕೇಳಿದರಂತೆ. "ಸಮುದ್ರದ ಪಕ್ಕ" ಎಂದಳಂತೆ ಇವಳು.

ಇಷ್ಟನ್ನೂ ಆ ಹುಡುಗನಿಗೆ ಹೇಳಲಿಲ್ಲ. ಫೈಲು ಕೊಟ್ಟು, ಮೊಹರು ಒತ್ತಿಸುವಾಗ ಶಾಯಿ ನೋಡಿಕೋ ಎಂದಷ್ಟೇ ಹೇಳಿದೆವು. ಈಗ ಅರ್ಜಿ ಕಂಪ್ಯೂಟರಿನಲ್ಲಿ ತುಂಬುತ್ತಾರೆ, ಮಕ್ಕಳು ನಮಗಿಂತ ಚುರುಕು. ಏಪ್ರಿಲ್ ಎರಡನೇ ವಾರ ಹುಡುಗಿಯ ಕಾಗದಗಳು ಇಸ್ಲಾಮಾಬಾದ್ ತಲುಪಿದವು ಎಂದು ಸಿಹಿ ತಂದುಕೊಟ್ಟ.

ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಎರಡು ದಿನಕ್ಕೆ ಪಾಕಿಸ್ತಾನಿಗಳಿಗೆ ವೀಸಾ ಕೊಡುವುದನ್ನು ಭಾರತ ನಿಲ್ಲಿಸಿತು. ಕೊಟ್ಟಿದ್ದ ವೀಸಾಗಳು 27ರಿಂದ ರದ್ದಾದವು. ದೀರ್ಘಾವಧಿ ವೀಸಾದವರಿಗೆ ವಿನಾಯಿತಿ ಎಂದು ಸ್ಪಷ್ಟವಾಗುವವರೆಗೆ ಅಂಥ ಸೊಸೆಯಂದಿರಿರುವ ಮನೆಗಳಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಟ್ಟಾರಿಯ ಗೇಟಿನ ಬಳಿ, ತಾಯಿಯದು ಭಾರತದ ಪಾಸ್‌ಪೋರ್ಟು, ಮಕ್ಕಳದು ಪಾಕಿಸ್ತಾನದ್ದು ಎಂದು ಬೇರೆಯಾದವರ ಚಿತ್ರಗಳನ್ನು ಟಿವಿಯಲ್ಲಿ ನೋಡಿದೆವು. ಕೊಂದವರ ಮೇಲೆ ನಮಗೆ ಬಂದ ಸಿಟ್ಟು ಯಾರಿಗೂ ಕಡಿಮೆಯದಲ್ಲ. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು, ಮದುವೆಯಾಗಿ ವಾರವೂ ಆಗದವನೊಬ್ಬನೂ ಇದ್ದ.

ಜೂನ್‌ನಲ್ಲಿ ಹುಡುಗ ಮತ್ತೆ ಬಂದ. ಹುಡುಗಿಯ ಪಾಸ್‌ಪೋರ್ಟು ಅವಳಿಗೆ ವಾಪಸು ಬಂದಿತ್ತಂತೆ, ಒಳಗೆ ಏನೂ ಒತ್ತಿರಲಿಲ್ಲ. ಫೈಲನ್ನು ಮೇಜಿನ ಮೇಲಿಟ್ಟ. ನಮ್ಮ ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಪ್ಲಾಸ್ಟಿಕ್ ಹೊದಿಕೆಗೆ ಹಾಕಿದ್ದ. ಮಸುಕಾದ ಮೊಹರಿನ ಆ ಸರ್ಟಿಫಿಕೇಟು ಎಲ್ಲಕ್ಕಿಂತ ಮೇಲೆ. ಕೊನೆಯ ಹೊದಿಕೆಗಳಲ್ಲಿ ಅವನದೇ ಕಾಗದಗಳಿದ್ದವು. ಕರೆಂಟ್ ಬಿಲ್ಲು, ನಿಕಾಹ್‌ನಾಮಾದ ಅನುವಾದ, ಉಳಿದ ನಾಲ್ಕು ಫೋಟೋ.

"ಚಾಚಿ, ನನ್ನದೂ ಇದರಲ್ಲೇ ಇರಲಿ. ಮನೆಯಲ್ಲಿದ್ದರೆ ಅಮ್ಮಿ ದಿನಾ ತೆಗೆದು ನೋಡ್ತಾರೆ."

ಚಹಾಕ್ಕೆ ಕೂರು ಎಂದೆವು. ಕೂತ. ದುಬೈಗೆ ಟಿಕೆಟ್ ದರ ಎಷ್ಟಾಗಿದೆ ಎಂದು ಕೇಳುತ್ತಿದ್ದ.